ಆರ್ಮಿ ಮೆಡಿಕಲ್‌ನಲ್ಲಿ ಬಿಪಿ ಜಾಸ್ತಿ ಅಂತ ಅನ್‌ಫಿಟ್ ಆದೆ, 42 ದಿನದಲ್ಲಿ ಅಪೀಲ್ ಮಾಡಿ ಫಿಟ್ ಆದೆ: ನನ್ನ ಅನುಭವ

ಸೇನೆಲಿ ಆಫೀಸರ್ ಆಗೋಕೆ ಯುಪಿಎಸ್‌ಸಿ ನಡೆಸೋ ಸಿಡಿಎಸ್ ಪರೀಕ್ಷೆ ಬರೆದು, ಬೆಂಗಳೂರಲ್ಲಿ ಎಸ್‌ಎಸ್‌ಬಿ ಅನ್ನೋ ಆಯ್ಕೆ ಸಂದರ್ಶನ ಐದು ದಿನ ಮುಗಿಸಿ, ಚೆನ್ನೈ ಒಟಿಎಗೆ (ಆಫೀಸರ್ ಟ್ರೈನಿಂಗ್ ಅಕಾಡೆಮಿ) ರೆಕಮೆಂಡ್ ಆಗಿ, ಅದಾದ ಮೇಲೆ ಮೆಡಿಕಲ್‌ನಲ್ಲಿ ಬಿಪಿ ಜಾಸ್ತಿ ಅಂತ ಅನ್‌ಫಿಟ್ ಆದವನು ನಾನು. ಅಪೀಲ್ ಹೋಗಿ ಫಿಟ್ ಆದೆ. ಈಗ ಊರ ಕಡೆ ಹುಡುಗರು, ಯಾರ್ಯಾರದೋ ಕಡೆಯಿಂದ ನಂಬರ್ ತಗೊಂಡು ಫೋನ್ ಮಾಡ್ತಾರೆ, ಎಲ್ಲರ ಮೊದಲ ಪ್ರಶ್ನೆ ಒಂದೇ, "ಅಣ್ಣಾ, ಯಾವ ಗುಳಿಗಿ ತಗೊಂಡಿ?" ಅಂತ. ಒಬ್ಬೊಬ್ಬರಿಗೂ ಫೋನಲ್ಲಿ ಹೇಳಿ ಮುಗಿಯಲ್ಲ, ಅದಕ್ಕೆ ಒಂದೇ ಸಲ ಎಲ್ಲಾ ಬರೆದುಬಿಡ್ತೀನಿ. ಗುಳಿಗಿ ತಗೊಂಡಿಲ್ಲ. ಏನೇನ್ ಮಾಡಿದೆ ಅನ್ನೋದು ಕೆಳಗಿದೆ.

ನಮ್ಮದು ಬ್ಯಾಡಗಿ ಹತ್ತಿರ ಒಂದು ಹಳ್ಳಿ. ಅಪ್ಪಂದು ಮೆಣಸಿನಕಾಯಿ, ಗೋವಿನಜೋಳದ ಹೊಲ. ದಿನಾ ಬೆಳಿಗ್ಗೆ ಐದು ಕಿಲೋಮೀಟರ್ ಓಡ್ತಿದ್ದೆ, ಜೀವನದಲ್ಲಿ ಒಂದು ದಿನಾನೂ ಆಸ್ಪತ್ರೆಲಿ ಮಲಗಿದವನಲ್ಲ, ಹಂಗಾಗಿ ಮೆಡಿಕಲ್ ಬಗ್ಗೆ ಭಯಾನೇ ಇರಲಿಲ್ಲ. ನಮ್ಮ ಬ್ಯಾಚಲ್ಲಿ ಕೊನೇ ದಿನ ಕಾನ್ಫರೆನ್ಸ್ ಆದ ಮೇಲೆ ಐದು ಚೆಸ್ಟ್ ನಂಬರ್ ಕೂಗಿದ್ರು, ಅದರಲ್ಲಿ ನಂದೂ ಇತ್ತು. ಮನೆಗೆ ಫೋನ್ ಮಾಡಿದಾಗ ಅವ್ವ ಅಳ್ತಾ ಇದ್ಲು, ಅಪ್ಪ ಏನೂ ಮಾತಾಡಲಿಲ್ಲ, ಬರೀ "ಆತು, ಆತು" ಅಂತಿದ್ದ. ಆಮೇಲೆ ನಾಲ್ಕೈದು ದಿನದ ಮೆಡಿಕಲ್. ರಕ್ತ, ಮೂತ್ರ, ಎಕ್ಸ್‌ರೇ, ಸ್ಕ್ಯಾನಿಂಗ್, ಕಣ್ಣು, ಕಿವಿ ಮೂಗು ಗಂಟಲು, ಹಲ್ಲಿಗೆ 14 ಪಾಯಿಂಟ್ ಬೇಕು ಅಂತ ಹಲ್ಲೆಲ್ಲಾ ಎಣಿಸಿದ್ರು, ಎಲ್ಲಾ ಸರಾಗವಾಗಿ ಆಯ್ತು. ಫಿಸಿಷಿಯನ್ ರೂಮಲ್ಲಿ ಬಿಪಿ ಪಟ್ಟಿ ಕಟ್ಟಿದಾಗ ಮಾತ್ರ 158/98 ಬಂತು. ಪಲ್ಸ್ 112.

ಡಾಕ್ಟರ್ ಏನೂ ಗದರಲಿಲ್ಲ, "ಹೊರಗೆ ಕೂತ್ಕೊ, ಮತ್ತೆ ನೋಡ್ತೀನಿ" ಅಂದ್ರು. ಹೊರಗೆ ಬೆಂಚ್ ಮೇಲೆ ಕೂತೆ, ಎದೆ ಬಡಿತ ಕಿವಿಯಲ್ಲಿ ಕೇಳ್ತಿತ್ತು. ಇನ್ನೊಂದು ಸಲ ಇಷ್ಟು ಬಂದ್ರೆ ಹೋಯ್ತಲ್ಲ ಅಂತ ಯೋಚನೆ ಮಾಡಿದಷ್ಟೂ ಬಡಿತ ಏರ್ತಾನೇ ಇತ್ತು. ಎರಡನೇ ಸಲ 152/94. ಮಾರನೇ ದಿನ ಬೆಳಿಗ್ಗೆ 150/96. ಕೊನೇ ದಿನ ಬೋರ್ಡ್ ಪ್ರೆಸಿಡೆಂಟ್ ಮುಂದೆ ನಿಂತಾಗ ಅವರು ನಿಧಾನಕ್ಕೆ ಬಿಡಿಸಿ ಹೇಳಿದ್ರು: ಬಿಪಿ ಕಾರಣಕ್ಕೆ ಅನ್‌ಫಿಟ್, ಒಪ್ಪಿಗೆ ಇಲ್ಲಾ ಅಂದ್ರೆ ಅಪೀಲ್ ಮೆಡಿಕಲ್ ಬೋರ್ಡಿಗೆ ಹೋಗಬಹುದು, 42 ದಿನದೊಳಗೆ, ಎಲ್ಲಿಗೆ ಹೋಗಬೇಕು ಅಂತ ಪತ್ರದಲ್ಲಿದೆ. ಸಹಿ ಮಾಡೋವಾಗ ಕೈ ನಡುಗಿ ಅಕ್ಷರ ಸೊಟ್ಟಗೆ ಬಂತು. ಆ ಪತ್ರದ ಜೆರಾಕ್ಸ್ ಈಗ್ಲೂ ಇದೆ ನನ್ನತ್ರ.

ಮನೆಗೆ ಬಂದಾಗ ಅಪ್ಪಂಗೆ ಹೇಳೋದೇ ಕಷ್ಟ ಆಯ್ತು. "ಬಿಪಿ? ನಿಂಗ? ಅದು ವಯಸ್ಸಾದವ್ರಿಗೆ ಬರೋದಲ್ಲೇನೋ?" ಅಂದ. ಓಣಿ ತುಂಬಾ ಸುದ್ದಿ ಆಗಿತ್ತು, ಹುಡುಗ ಆಫೀಸರ್ ಆದ ಅಂತ ಪೇಡೆ ಹಂಚಿ ಒಂದು ವಾರ ಆಗಿತ್ತಷ್ಟೇ. ಎರಡು ದಿನ ನಾನು ಹೊಲದ ಕಡೆ ಬಿಟ್ರೆ ಎಲ್ಲೂ ಹೋಗಲಿಲ್ಲ.

ಮೂರನೇ ದಿನ ನಮ್ಮೂರ ಸುಬೇದಾರ್ ಕಾಕಾ ಮನೆಗೆ ಬಂದ್ರು. ಬೆಳಗಾವಿ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಸೇರಿ, ಸರ್ವಿಸ್ ಮುಗಿಸಿ ಬಂದವರು. ನಾನು ಆಗ ಸಿಟ್ಟಲ್ಲಿದ್ದೆ, "ಅವ್ರು ಸರಿಯಾಗಿ ನೋಡ್ಲಿಲ್ರೀ ಕಾಕಾ, ನಂಗೇನೂ ಇಲ್ಲ" ಅಂದೆ. ಅವರು ಕೇಳಿದ್ದು ಒಂದೇ ಮಾತು: "ನಿಂಗ ಬಿಪಿ ಇಲ್ಲ ಅಂತ ನಿಂಗ ಹೆಂಗ ಗೊತ್ತು?" ನನ್ನತ್ರ ಉತ್ತರ ಇರಲಿಲ್ಲ, ಯಾಕಂದ್ರೆ ಅದಕ್ಕೂ ಮೊದಲು ನಾನು ಬಿಪಿ ಚೆಕ್ ಮಾಡಿಸಿದ್ದೇ ಇಲ್ಲ. "ಬೋರ್ಡಿನವ್ರು ಸುಳ್ಳು ಬರದಿಲ್ಲ, ಮಷೀನ್ ತೋರಿಸಿದ್ದ ಬರದಾರ. ಮೊದ್ಲ ನಿಂಗ ಖರೇನ ಐತೋ ಇಲ್ಲೋ ತಿಳ್ಕೊ. ಇಲ್ಲಾ ಅಂದ್ರ ಅಪೀಲ್ ಹೋಗು. ಇದ್ರ, ಔಷಧ ತಗೋ, ಬ್ಯಾರೆ ಕೆಲಸ ನೋಡು." ನನ್ನ 42 ದಿನದ ಕೆಲಸ ಪೂರ್ತಿ ಆ ಮಾತಿನ ಮೇಲೇ ನಡೀತು. ಬೇರೆ ಯಾರ ಸಲಹೆನೂ ಅಷ್ಟು ಉಪಯೋಗಕ್ಕೆ ಬರಲಿಲ್ಲ.

ಮೊದಲು ಮಾಡಿದ್ದು, ರೂಲ್ ಓದಿದ್ದು. ಯುಪಿಎಸ್‌ಸಿ ಸಿಡಿಎಸ್ ನೋಟಿಫಿಕೇಷನ್ನಿನ ಕೊನೆಗೆ ಮೆಡಿಕಲ್ ಸ್ಟ್ಯಾಂಡರ್ಡ್ ಅಂತ ಉದ್ದದ ಅನುಬಂಧ ಇರುತ್ತೆ, ಅರ್ಜಿ ಹಾಕೋವಾಗ ಯಾರೂ ಓದಲ್ಲ, ನಾನೂ ಓದಿರಲಿಲ್ಲ. ಅದರಲ್ಲಿ ಬಿಪಿ ಬಗ್ಗೆ ಸ್ಪಷ್ಟವಾಗಿದೆ. ಬಿಪಿ ಸತತವಾಗಿ 140/90ಕ್ಕಿಂತ ಮೇಲಿದ್ರೆ ರಿಜೆಕ್ಟ್. ಆದ್ರೆ ಅಂಥವರಿಗೆ 24 ತಾಸಿನ ಬಿಪಿ ರೆಕಾರ್ಡಿಂಗ್ ಮಾಡಿ, ಇದು ನಿಜವಾದ ಬಿಪಿನೋ ಅಥವಾ ವೈಟ್ ಕೋಟ್ ಹೈಪರ್‌ಟೆನ್ಷನ್ನೋ ಅಂತ ಬೇರೆ ಮಾಡಿ ನೋಡಬೇಕು, 24 ತಾಸಿನ ರೆಕಾರ್ಡಿಂಗ್ ನಾರ್ಮಲ್ ಇದ್ದು, ಹೃದಯ ಕಿಡ್ನಿ ಕಣ್ಣು ಇಂಥ ಅಂಗಗಳಿಗೆ ಪೆಟ್ಟು ಬಿದ್ದಿಲ್ಲ ಅಂದ್ರೆ ಕಾರ್ಡಿಯಾಲಜಿಸ್ಟ್ ನೋಡಿದ ಮೇಲೆ ಫಿಟ್ ಅಂತ ಪರಿಗಣಿಸಬಹುದು ಅಂತ. ಆ ಸಾಲು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬಂತು. ನಿಮ್ಮ ಕಾರಣ ಬೇರೆ ಇರಬಹುದು, ಮೂಗಿನ ಎಲುಬು ಸೊಟ್ಟ ಅಂತಲೋ, ಕಿವಿ ಅಂತಲೋ, ತೂಕ ಅಂತಲೋ. ಏನೇ ಇರಲಿ, ನಿಮಗೆ ಅನ್ವಯ ಆಗೋ ಆ ಒಂದು ಪ್ಯಾರಾ ಹುಡುಕಿ ಪ್ರಿಂಟ್ ತಗೊಂಡು ಪೆನ್ನಲ್ಲಿ ಗೆರೆ ಹೊಡೆದು ಇಟ್ಕೊಳ್ಳಿ, ಪ್ರತಿ ವರ್ಷದ ನೋಟಿಫಿಕೇಷನ್ನಲ್ಲಿ ಬದಲಾವಣೆ ಇರಬಹುದು, ನಿಮ್ಮ ವರ್ಷದ್ದೇ ನೋಡಿ.

ವೈಟ್ ಕೋಟ್ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ: ಮನೇಲಿ, ಹೊಲದಲ್ಲಿ, ಕಾಲೇಜಲ್ಲಿ ಬಿಪಿ ನಾರ್ಮಲ್ ಇರುತ್ತೆ, ಡಾಕ್ಟರ್ ಮುಂದೆ ಕೂತ ತಕ್ಷಣ ದೇಹ ಹೆದರಿ ಅಡ್ರಿನಲಿನ್ ಬಿಟ್ಟು ಪಲ್ಸೂ ಬಿಪಿನೂ ಏರಿಬಿಡುತ್ತೆ. ಮನಸ್ಸಿಗೆ ನೀವು ಎಷ್ಟು ಧೈರ್ಯ ಹೇಳಿದ್ರೂ ಕೈಗೆ ಪಟ್ಟಿ ಬಿಗಿಯಾದ ಕೂಡ್ಲೇ ಅದು ಏರುತ್ತೆ. ಎಸ್‌ಎಸ್‌ಬಿಯಲ್ಲಿ ಹತ್ತು ಜನರ ಮುಂದೆ ಧೈರ್ಯವಾಗಿ ಮಾತಾಡಿದ ಹುಡುಗಂಗೂ ಇದು ಆಗುತ್ತೆ, ಇದಕ್ಕೂ ಪುಕ್ಕಲುತನಕ್ಕೂ ಸಂಬಂಧ ಇಲ್ಲ, ದಯವಿಟ್ಟು ಹಂಗೆ ಅನ್ಕೋಬೇಡಿ.

ಆಮೇಲೆ ಹುಬ್ಬಳ್ಳಿಗೆ ಹೋಗಿ ಒಬ್ಬ ಕಾರ್ಡಿಯಾಲಜಿಸ್ಟ್ ಹತ್ರ ಎಲ್ಲಾ ಹೇಳಿದೆ. ಅವರ ಕ್ಲಿನಿಕ್ಕಲ್ಲೂ 150 ದಾಟಿತ್ತು. ಅವರು ಕೇಳಿದ ಪ್ರಶ್ನೆಗಳು ಒಂದೊಂದೂ ಕೆಲಸದ್ದು. ಮೆಡಿಕಲ್ ಹಿಂದಿನ ರಾತ್ರಿ ಎಷ್ಟು ತಾಸು ಮಲಗಿದ್ದೆ? ನಾಲ್ಕು. ಕಾಫಿ? ಎರಡು ಲೋಟ. ಜಿಮ್ ಪೌಡರ್, ಸ್ಟೀರಾಯ್ಡ್? ಇಲ್ಲ. ಶೀತಕ್ಕೆ ಏನಾದ್ರೂ? ಹೌದು, ನೆಗಡಿ ಇತ್ತು ಅಂತ ಮೂರು ದಿನದಿಂದ ಮೆಡಿಕಲ್ ಶಾಪಿನ ಶೀತದ ಗುಳಿಗಿ ನುಂಗ್ತಿದ್ದೆ. ಮೂಗು ಬಿಡಿಸೋ ಆ ಗುಳಿಗಿಗಳಲ್ಲಿ ಫಿನೈಲ್‌ಎಫ್ರಿನ್ ಥರದ್ದು ಇರುತ್ತೆ, ಅದು ರಕ್ತನಾಳ ಬಿಗಿ ಮಾಡಿ ಬಿಪಿ ಏರಿಸುತ್ತೆ ಅಂತ ಅವತ್ತು ಗೊತ್ತಾಯ್ತು. ಮೈಕೈ ನೋವಿಗೆ ನುಂಗೋ ಕೆಲವು ನೋವಿನ ಗುಳಿಗಿನೂ ಹಂಗೇ. ಕೆಮ್ಮಿಗೆ ಅಂತ ಅವ್ವ ಜೇಷ್ಠಮಧು ಕೊಡ್ತಿದ್ಲು, ಅದೂ ದಿನಾ ಹೆಚ್ಚು ತಿಂದ್ರೆ ಬಿಪಿ ಏರಿಸುತ್ತಂತೆ, ಬಂದ್ ಮಾಡಿಸಿದ್ರು.

ಇನ್ನೊಂದು, ನನ್ನ ರಟ್ಟೆ ಟೇಪ್ ಹಿಡಿದು ಅಳೆದ್ರು. 35 ಸೆಂಟಿಮೀಟರ್. ಸಾಮಾನ್ಯ ಪಟ್ಟಿ 32 ಸೆಂಟಿಮೀಟರ್ ತನಕದ ರಟ್ಟೆಗೆ ಮಾಡಿರೋದು, ಪುಲ್ ಅಪ್ಸ್ ಹೊಡೆದು ರಟ್ಟೆ ದಪ್ಪ ಆದ ಹುಡುಗರಿಗೆ ಸಣ್ಣ ಪಟ್ಟಿ ಕಟ್ಟಿದ್ರೆ ಇರೋದಕ್ಕಿಂತ ಜಾಸ್ತಿ ತೋರಿಸುತ್ತೆ, ದೊಡ್ಡ ಪಟ್ಟಿ ಬೇರೆ ಬರುತ್ತೆ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಹೃದಯದ ಎಕೋ, ಇಸಿಜಿ, ಕಿಡ್ನಿ ಸ್ಕ್ಯಾನ್ ಮತ್ತು ಕಿಡ್ನಿ ರಕ್ತನಾಳದ ಡಾಪ್ಲರ್, ಕ್ರಿಯಾಟಿನಿನ್, ಪೊಟ್ಯಾಸಿಯಂ, ಥೈರಾಯ್ಡ್, ಮೂತ್ರದಲ್ಲಿ ಪ್ರೋಟೀನ್, ಕಣ್ಣಿಗೆ ಔಷಧ ಬಿಟ್ಟು ಕಣ್ಣಿನ ಹಿಂದಿನ ಪರದೆ, ಇಷ್ಟು ಮಾಡಿಸಿದ್ರು. ಕಾಲಿನ ಬಿಪಿನೂ ನೋಡಿದ್ರು. 22 ವಯಸ್ಸಿಗೆ ಬಿಪಿ ನಿಜವಾಗ್ಲೂ ಇದ್ರೆ ಅದರ ಹಿಂದೆ ಕಿಡ್ನಿಯೋ, ಗ್ರಂಥಿಯೋ, ಹೃದಯದಿಂದ ಹೊರಡೋ ದೊಡ್ಡ ರಕ್ತನಾಳ ಹುಟ್ಟಿನಿಂದ್ಲೇ ಸಣ್ಣಗಿರೋದೋ, ಏನಾದ್ರೂ ಕಾರಣ ಇರಬಹುದು, ಅದನ್ನ ಬಿಟ್ಟು ಅಪೀಲ್ ಬಗ್ಗೆ ಯೋಚನೆ ಮಾಡೋದು ತಪ್ಪು ಅಂದ್ರು. ಆಗ ನಂಗೆ ಮೊದಲ ಸಲ ಕೆಲಸದ ಭಯ ಬಿಟ್ಟು ಜೀವದ ಭಯ ಆಯ್ತು. ಎಲ್ಲಾ ನಾರ್ಮಲ್ ಬಂತು.

ಈಗ 24 ತಾಸಿನ ಮಷೀನ್. ಇದನ್ನ ಎಬಿಪಿಎಂ ಅಂತಾರೆ. ಕೆಲವು ಕಡೆ ಹೋಲ್ಟರ್ ಅಂತ ಹೇಳಿ ಇಸಿಜಿದು ಕಟ್ಟಿ ಕಳಿಸ್ತಾರೆ, ಅದು ಬೇರೆ, ದುಡ್ಡು ಕಟ್ಟೋಕೆ ಮುಂಚೆ ಬಿಪಿದೇನಾ ಅಂತ ಕೇಳಿ. ಸೊಂಟಕ್ಕೆ ಒಂದು ಸಣ್ಣ ಡಬ್ಬಿ, ರಟ್ಟೆಗೆ ಪಟ್ಟಿ, ನಡುವೆ ಕುತ್ತಿಗೆ ಸುತ್ತಿ ಬರೋ ಪೈಪು. ಹಗಲು ಅರ್ಧ ತಾಸಿಗೊಮ್ಮೆ, ರಾತ್ರಿ ತಾಸಿಗೊಮ್ಮೆ ಗರ್ರ್ ಅಂತ ಗಾಳಿ ತುಂಬ್ಕೊಂಡು ಬಿಗಿಯುತ್ತೆ. ಬಿಗಿಯೋವಾಗ ಕೈ ನೇರ ಬಿಟ್ಟು ಸುಮ್ನೆ ನಿಲ್ಲಬೇಕು, ಅಲ್ಲಾಡಿದ್ರೆ ಎರರ್ ಬಂದು ಮತ್ತೆ ಬಿಗಿಯುತ್ತೆ, ಎರರ್ ಜಾಸ್ತಿ ಆದ್ರೆ ರಿಪೋರ್ಟೇ ಉಪಯೋಗಕ್ಕೆ ಬರಲ್ಲ. ಜೊತೆಗೆ ಒಂದು ಹಾಳೆ ಕೊಡ್ತಾರೆ, ಎಷ್ಟೊತ್ತಿಗೆ ಎದ್ದೆ, ಉಂಡೆ, ಮಲಗಿದೆ ಬರೀಬೇಕು. ಅವತ್ತು ಅಂಗಳದಲ್ಲಿ ಮೆಣಸಿನಕಾಯಿ ಒಣ ಹಾಕಿದ್ವಿ, ನಾನು ಕಟ್ಟೆ ಮೇಲೆ ಕೂತು ತೊಟ್ಟು ಬಿಡಿಸ್ತಾ ಇದ್ದೆ, ಗರ್ರ್ ಅಂದಾಗೆಲ್ಲಾ ಕೈಯಲ್ಲಿರೋ ಕಾಯಿ ಬುಟ್ಟಿಗೆ ಹಾಕಿ ಕೈ ಜೋತುಬಿಟ್ಟು ಕೂತ್ಕೊಳ್ಳೋದು. ರಾತ್ರಿ ಮೊದಲ ಎರಡು ಸಲ ಎಚ್ಚರ ಆಯ್ತು, ಆಮೇಲೆ ಗೊತ್ತೇ ಆಗಲಿಲ್ಲ.

ರಿಪೋರ್ಟ್: ಹಗಲು ಸರಾಸರಿ 124/76, ರಾತ್ರಿ 108/64, 24 ತಾಸಿಂದು 119/72. ಡಾಕ್ಟರ್‌ಗಳು ನೋಡೋ ಗೆರೆ ಅಂದ್ರೆ 24 ತಾಸಿನ ಸರಾಸರಿ 130/80ಕ್ಕಿಂತ, ಹಗಲಿಂದು 135/85ಕ್ಕಿಂತ, ರಾತ್ರಿದು 120/70ಕ್ಕಿಂತ ಕಮ್ಮಿ ಇರಬೇಕು. ರಾತ್ರಿ ನಿದ್ದೆಲಿ ಬಿಪಿ ಹತ್ತು ಪರ್ಸೆಂಟಾದ್ರೂ ಇಳೀಬೇಕು, ನಂದು ಇಳಿದಿತ್ತು. ಆ ರಿಪೋರ್ಟಲ್ಲಿ ಇಡೀ ದಿನದಲ್ಲಿ ಒಂದೇ ಒಂದು ರೀಡಿಂಗ್ 140 ದಾಟಿತ್ತು, ಅದು ಕ್ಲಿನಿಕ್ಕಲ್ಲಿ ಮಷೀನ್ ಕಟ್ಟಿದ ಮೊದಲನೇ ರೀಡಿಂಗ್! ಡಾಕ್ಟರ್ ಅದನ್ನ ಪೆನ್ನಿಂದ ಸುತ್ತು ಹಾಕಿ ತೋರಿಸಿದ್ರು, ಏನೂ ಹೇಳೋ ಅಗತ್ಯ ಇರಲಿಲ್ಲ.

ಅಪೀಲ್ ಹೋಗೋದು ಅಂತ ಆಗ ತೀರ್ಮಾನ ಮಾಡಿದೆ. 42ರಲ್ಲಿ 11 ದಿನ ಕಳೆದಿತ್ತು.

ಇಲ್ಲಿ ಒಂದು ಕಹಿ ವಿಷಯನೂ ಹೇಳಬೇಕು. ಅಪೀಲ್ ಮೆಡಿಕಲ್‌ಗೆ ಗೈಡೆನ್ಸ್ ಕೊಡ್ತೀನಿ ಅಂತ ದುಡ್ಡು ತಗೊಳ್ಳೋ ಒಬ್ಬರ ಪರಿಚಯ ಆಯ್ತು, ಹೆಸರು ಬೇಡ. ಅವರು ಹೇಳಿದ್ದು ಪಲ್ಸ್ ಇಳಿಸೋ ಪ್ರೊಪ್ರನಾಲೋಲ್ ಗುಳಿಗಿ ಬೆಳಿಗ್ಗೆ ನುಂಗಿ ಹೋಗು, ಯಾರಿಗೂ ಗೊತ್ತಾಗಲ್ಲ ಅಂತ. ಹುಬ್ಬಳ್ಳಿ ಡಾಕ್ಟರ್‌ಗೆ ಕೇಳಿದೆ, ಅವರು ಕುರ್ಚಿಯಿಂದ ಎದ್ದೇಬಿಟ್ರು. ಹೆದರಿಕೊಂಡ ಹುಡುಗನ ಪಲ್ಸ್ 55 ಬಂದ್ರೆ ನೋಡೋ ಡಾಕ್ಟರ್‌ಗೆ ಅನುಮಾನ ಬರಲ್ವಾ, ಉಬ್ಬಸ ಇರೋನು ನುಂಗಿದ್ರೆ ಜೀವಕ್ಕೇ ಅಪಾಯ, ಅದೂ ಅಲ್ಲದೆ ನಿಂಗೆ ಬಿಪಿ ಇಲ್ಲದಿರೋವಾಗ ಗುಳಿಗಿ ಯಾಕೆ, ಇದ್ರೆ ಅದನ್ನ ಮುಚ್ಚಿಟ್ಟು ಟ್ರೈನಿಂಗಲ್ಲಿ ಹನ್ನೊಂದು ತಿಂಗಳು ಬೆನ್ನ ಮೇಲೆ ಭಾರ ಹೊತ್ತು ಓಡಿದ್ರೆ ಏನಾಗುತ್ತೆ ಗೊತ್ತಾ ಅಂದ್ರು. ಅದಕ್ಕೇ ಗುಳಿಗಿ ಕೇಳೋ ಹುಡುಗರ ಮೇಲೆ ನಂಗೆ ಬೇಜಾರಾಗಲ್ಲ, ಅವರಿಗೆ ಹಂಗೆ ಹೇಳಿಕೊಡೋರ ಮೇಲೆ ಆಗುತ್ತೆ. ನಾಳೆ ಮೂವತ್ತು ಜನ ಸೈನಿಕರನ್ನ ಕರ್ಕೊಂಡು ಹೋಗಬೇಕಾದವನು ಮೊದಲ ದಿನಾನೇ ತನ್ನ ದೇಹದ ಬಗ್ಗೆ ಸುಳ್ಳು ಹೇಳಿ ಒಳಗೆ ಹೋಗೋದು ನನ್ನಿಂದ ಆಗ್ತಿರಲಿಲ್ಲ.

ಉಳಿದ ದಿನ ನಾನು ಮಾಡಿದ್ದು ಅಭ್ಯಾಸ. ಒಂದು ರಟ್ಟೆಗೆ ಕಟ್ಟೋ ಡಿಜಿಟಲ್ ಮಷೀನ್ ದೊಡ್ಡ ಪಟ್ಟಿ ಸಮೇತ ತಗೊಂಡೆ, ಮಣಿಕಟ್ಟಿಗೆ ಕಟ್ಟೋದು ಬೇಡ, ಅದು ನಂಬೋ ಹಾಗಿರಲ್ಲ. ದಿನಾ ಬೆಳಿಗ್ಗೆ ಸಂಜೆ ಎರಡೆರಡು ಸಲ. ಉಚ್ಚೆ ಹೊಯ್ದು ಬಂದು, ಬೆನ್ನಿಗೆ ಆಸರೆ ಕೊಟ್ಟು, ಎರಡೂ ಪಾದ ನೆಲಕ್ಕೆ ಊರಿ, ಕೈ ಎದೆ ಮಟ್ಟಕ್ಕೆ ಇಟ್ಟು, ಐದು ನಿಮಿಷ ಸುಮ್ನೆ ಕೂತು ಆಮೇಲೆ ಗುಂಡಿ ಒತ್ತೋದು, ಮಾತಾಡಬಾರದು. ಕಾಲ ಮೇಲೆ ಕಾಲು ಹಾಕಿ ಕೂತ್ರೂ, ಮಾತಾಡಿದ್ರೂ ರೀಡಿಂಗ್ ಏರುತ್ತೆ, ಮನೇಲೇ ಮಾಡಿ ನೋಡಿ ಬೇಕಿದ್ರೆ. ನೂರು ಪೇಜಿನ ನೋಟ್‌ಬುಕ್ಕಲ್ಲಿ ತಾರೀಖು ಹಾಕಿ ಬರೀತಾ ಹೋದೆ.

ಆದ್ರೆ ಮನೇಲಿ ನಾರ್ಮಲ್ ಬರೋದು ನಂಗೆ ಗೊತ್ತಿತ್ತಲ್ಲ, ಕಷ್ಟ ಇದ್ದಿದ್ದು ಬೇರೆಯವರ ಮುಂದೆ. ಅದಕ್ಕೆ ದಿನಾ ಒಬ್ಬೊಬ್ಬರ ಹತ್ರ ಹೋಗಿ ಕೈ ಕೊಡ್ತಿದ್ದೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್ ಮೊದಲ ದಿನ ಪಟ್ಟಿ ಕಟ್ಟಿದಾಗ 148 ಬಂತು, ನಾನು ವಿಷಯ ಹೇಳಿದ ಮೇಲೆ "ದಿನಾ ಬಾ ತಮ್ಮಾ, ನಾ ನೋಡ್ತೀನಿ" ಅಂದ್ರು. ಬ್ಯಾಡಗಿಯ ಎರಡು ಮೆಡಿಕಲ್ ಶಾಪು, ಹಾವೇರಿಯಲ್ಲಿ ಗೆಳೆಯನ ಅಣ್ಣನ ಕ್ಲಿನಿಕ್, ಹೀಗೆ. ಪಟ್ಟಿ ಬಿಗಿಯೋವಾಗ ಉಸಿರು ನಿಧಾನಕ್ಕೆ ಬಿಡೋದು, ನಿಮಿಷಕ್ಕೆ ಆರೇ ಉಸಿರು, ಒಳಗೆ ತಗೊಳ್ಳೋದಕ್ಕಿಂತ ಬಿಡೋದು ಉದ್ದ. ಮೂರನೇ ವಾರಕ್ಕೆ ಸಿಸ್ಟರ್ ಹತ್ರ 128, 130 ಬರೋಕೆ ಶುರು ಆಯ್ತು. ದೇಹಕ್ಕೆ ಪಟ್ಟಿಯ ಭಯ ಹೋಗ್ತಾ ಇತ್ತು.

ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಡಿಗಿ, ಕರಿದ ಮೆಣಸಿನಕಾಯಿ ಬಿಟ್ಟೆ. ರೊಟ್ಟಿ, ಕಾಳುಪಲ್ಲೆ, ಮೊಸರು ಹಂಗೇ ಇತ್ತು. ರಾತ್ರಿ ಹತ್ತಕ್ಕೆ ಫೋನ್ ಅಪ್ಪನ ರೂಮಲ್ಲಿ ಇಟ್ಟು ಮಲಗ್ತಿದ್ದೆ. ಓಟ ಬಿಡಲಿಲ್ಲ. ಇದರಲ್ಲಿ ಯಾವುದು ಎಷ್ಟು ಕೆಲಸ ಮಾಡ್ತು ಅಂತ ಬಿಡಿಸಿ ಹೇಳೋಕಾಗಲ್ಲ, ಎಲ್ಲಾ ಸೇರಿ ಆಯ್ತು.

ಕಾಗದದ ಕೆಲಸ ಜಾಸ್ತಿ ಇಲ್ಲ, ಆದ್ರೆ ಕೊನೇ ವಾರಕ್ಕೆ ಬಿಡಬೇಡಿ. ಅಪೀಲಿಗೆ ಸರ್ಕಾರಿ ಚಲನ್ ಕಟ್ಟಬೇಕು, ಅದನ್ನ ಎಂಆರ್‌ಒ ಅಂತಾರೆ, ನಾನು ಕಟ್ಟಿದ್ದು 40 ರೂಪಾಯಿ. ದುಡ್ಡು ಚಿಲ್ಲರೆ, ಆದ್ರೆ ಆ ಫಾರ್ಮ್ ಅಂದ್ರೇನು ಅಂತ ಬ್ಯಾಂಕಿನವರಿಗೇ ಗೊತ್ತಿರಲಿಲ್ಲ, ಮೂರು ಬ್ರಾಂಚ್ ಸುತ್ತಿದೆ. ಆ ರಸೀತಿ, ಅನ್‌ಫಿಟ್ ಅಂತ ಕೊಟ್ಟ ಪತ್ರ, ರೆಕಮೆಂಡ್ ಆದ ಪತ್ರ, ಆಧಾರ್, ಫೋಟೋ, ಎಲ್ಲಾ ರಿಪೋರ್ಟಿನ ಒರಿಜಿನಲ್ ಮತ್ತು ಎರಡು ಸೆಟ್ ಜೆರಾಕ್ಸ್. ಪತ್ರದಲ್ಲಿರೋ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ಯಾವತ್ತು ಬರಬೇಕು ಅಂತ ಕೇಳ್ಕೊಂಡೆ. 42 ದಿನದ ಲೆಕ್ಕದಲ್ಲಿ ರಜೆ, ಭಾನುವಾರ ಎಲ್ಲಾ ಸೇರುತ್ತೆ, ನಾನು 31ನೇ ದಿನಕ್ಕೇ ಹೋದೆ, ಒಂದು ವೇಳೆ ಮತ್ತೆ ಬಾ ಅಂದ್ರೆ ದಿನ ಉಳೀಲಿ ಅಂತ.

ನಂಗೆ ಬಂದಿದ್ದು ಪುಣೆ. ಹುಬ್ಬಳ್ಳಿಯಿಂದ ರಾತ್ರಿ ಬಸ್ಸು, ಬೆಳಗಾವಿ ಕೊಲ್ಹಾಪುರ ಸಾತಾರಾ ದಾಟಿ ಬೆಳಿಗ್ಗೆ ಮುಟ್ಟುತ್ತೆ. ಆದ್ರೆ ಬಸ್ಸಲ್ಲಿ ನಿದ್ದೆ ಕೆಟ್ಟು ನೇರ ಆಸ್ಪತ್ರೆಗೆ ಹೋಗಬೇಡಿ, ನಾನು ಒಂದು ದಿನ ಮುಂಚೆನೇ ಹೋಗಿ ಲಾಡ್ಜಲ್ಲಿ ಮಲಗಿ ಮಾರನೇ ದಿನ ರಿಪೋರ್ಟ್ ಆದೆ. ಅಪ್ಪ ಜೊತೆಗೆ ಬಂದಿದ್ದ, ಗೇಟ್ ಹತ್ರಾನೇ ನಿಂತ, ಒಳಗೆ ಬಿಡಲಿಲ್ಲ.

ಒಳಗೆ ಹೋದ ಮೇಲೆ ಗೊತ್ತಾಗಿದ್ದು, ನನ್ನಂಥವರು ಇಪ್ಪತ್ತು ಜನ ಇದ್ರು. ಕೇರಳದ ಒಬ್ಬ ಹುಡುಗ ಮೂಗಿಗೆ ಆಪರೇಷನ್ ಮಾಡಿಸ್ಕೊಂಡು ಬಂದಿದ್ದ, ಇನ್ನೊಬ್ಬ ನಾಲ್ಕು ಕೆಜಿ ಇಳಿಸಿ ಬಂದಿದ್ದ, ಎಲ್ಲರ ಕೈಲೂ ಒಂದೊಂದು ಫೈಲು. ನನ್ನ ವಿಷಯದಲ್ಲಿ ಅನ್‌ಫಿಟ್ ಆದ ಕಾರಣನೇ ನೋಡಿದ್ರು, ಮಿಕ್ಕಿದ್ದು ಮತ್ತೆ ಮಾಡಲಿಲ್ಲ. ಮೆಡಿಕಲ್ ಸ್ಪೆಷಲಿಸ್ಟ್ ನನ್ನ ಫೈಲ್ ಪುಟ ತಿರುಗಿಸಿ ಓದಿದ್ರು, ಪಕ್ಕಕ್ಕಿಟ್ಟು "ಇದು ನಿನ್ನ ರಿಪೋರ್ಟ್, ನಾವು ನಮ್ಮದು ಮಾಡ್ತೀವಿ" ಅಂದ್ರು. ಇದು ಎಲ್ಲರೂ ತಿಳ್ಕೋಬೇಕಾದ್ದು. ಪ್ರೈವೇಟ್ ರಿಪೋರ್ಟ್ ತೋರಿಸಿ ವಾದ ಮಾಡಿ ಗೆಲ್ಲೋಕಾಗಲ್ಲ, ಅದು ಇರೋದು ನಿಮಗೆ ಧೈರ್ಯಕ್ಕೆ, ಅಪೀಲ್ ಮಾಡಬೇಕೋ ಬೇಡವೋ ತೀರ್ಮಾನಕ್ಕೆ.

ನನ್ನನ್ನ ವಾರ್ಡಿಗೆ ಸೇರಿಸ್ಕೊಂಡ್ರು. ಮೊದಲ ರೀಡಿಂಗ್ 142/88. ಎದೆ ಧಸಕ್ ಅಂತು. ಆದ್ರೆ ಈ ಸಲ ನಾನು ಕಂಗಾಲಾಗಲಿಲ್ಲ, ಯಾಕಂದ್ರೆ ಮೊದಲ ರೀಡಿಂಗ್ ಏರುತ್ತೆ, ಆಮೇಲೆ ಇಳಿಯುತ್ತೆ ಅಂತ ನನ್ನ ನೋಟ್‌ಬುಕ್ಕೇ ನೂರು ಸಲ ಹೇಳಿತ್ತು. ನಾನು ಒಂದೇ ಒಂದು ಮಾತು ಕೇಳಿದೆ, "ಸರ್, ನನ್ನ ರಟ್ಟೆ 35 ಸೆಂಟಿಮೀಟರ್, ದೊಡ್ಡ ಪಟ್ಟಿ ಇದ್ರೆ ಕಟ್ತೀರಾ?" ಅಂತ. ಅವರು ನನ್ನ ಮುಖ ನೋಡಿ, ನರ್ಸಿಂಗ್ ಅಸಿಸ್ಟೆಂಟ್‌ಗೆ ಹೇಳಿ ತರಿಸಿದ್ರು. ವಿನಯವಾಗಿ ಕೇಳಿದ್ರೆ ಕೇಳ್ತಾರೆ, ಇದನ್ನೂ ಹೆದರಿ ಸುಮ್ನಿರಬೇಡಿ. ಸಂಜೆ 130/82, ಮಾರನೇ ದಿನ ಬೆಳಿಗ್ಗೆ 126/80. ಎಬಿಪಿಎಂ ಅವರೇ ಕಟ್ಟಿದ್ರು, ಎಕೋ, ಕಣ್ಣು, ರಕ್ತ ಎಲ್ಲಾ ಅವರದ್ದೇ. ರಾತ್ರಿ ವಾರ್ಡಲ್ಲಿ ಪಟ್ಟಿ ಗರ್ರ್ ಅಂದಾಗ ಮನೆ ಅಂಗಳ, ಮೆಣಸಿನಕಾಯಿ ಘಾಟು ನೆನಪಾಗಿ ಅಲ್ಲೇ ನಿದ್ದೆ ಹತ್ತಿತು. ಸರಾಸರಿ 122/74 ಬಂತು. ಕಾರ್ಡಿಯಾಲಜಿಸ್ಟ್ ನೋಡಿ ಬರೆದ್ರು, ಐದನೇ ದಿನ ಪ್ರೆಸಿಡೆಂಟ್ ಕರೆದು ಫಿಟ್ ಅಂದ್ರು.

ಗೇಟ್ ಹತ್ರ ಬಂದಾಗ ಅಪ್ಪ ಚಹಾದಂಗಡಿ ಬೆಂಚ್ ಮೇಲೆ ಕೂತಿದ್ದ. ನಾನು ಬರೀ ತಲೆ ಆಡಿಸಿದೆ. ಅವನು ಟವೆಲ್ಲಿಂದ ಮುಖ ಒರೆಸ್ಕೊಂಡು "ಊಟ ಮಾಡೀಯೇನು?" ಅಂತ ಕೇಳಿದ.

ಅಪೀಲಲ್ಲೂ ಅನ್‌ಫಿಟ್ ಆಗಿದ್ರೆ ರಿವ್ಯೂ ಮೆಡಿಕಲ್ ಬೋರ್ಡ್ ಅಂತ ಇನ್ನೊಂದಿದೆ. ಅದಕ್ಕೆ ಅಪೀಲ್ ಮುಗಿದ ಒಂದೇ ದಿನದಲ್ಲಿ ಕೇಳ್ಕೋಬೇಕು, ಅರ್ಜಿಯ ಒಂದು ಪ್ರತಿ ಅಲ್ಲೇ ಬೋರ್ಡ್ ಪ್ರೆಸಿಡೆಂಟ್‌ಗೆ ಕೊಡಬೇಕು, ಅದಕ್ಕೆ ನಾನು ಅರ್ಜಿ ಮೊದಲೇ ಬರೆದು ಫೈಲಲ್ಲಿ ಇಟ್ಕೊಂಡಿದ್ದೆ. ಆದ್ರೆ ಅದು ಹಕ್ಕು ಅಲ್ಲ, ಕೇಸ್ ನೋಡಿ ಡಿಜಿಎಎಫ್‌ಎಂಎಸ್ (ಸೇನಾ ವೈದ್ಯಕೀಯ ಸೇವೆಗಳ ಮುಖ್ಯಸ್ಥರು) ಕಚೇರಿಯವರು ಒಪ್ಪಿದ್ರೆ ಮಾತ್ರ, ನಡೆಯೋದು ದೆಹಲಿ ಅಥವಾ ಪುಣೆಯಲ್ಲಿ. ಅಗ್ನಿವೀರ್ ರ‍್ಯಾಲಿಗೆ ಹೋಗೋ ತಮ್ಮಂದಿರಿಗೆ ದಾರಿ ಬೇರೆ, ಅಲ್ಲಿ ಅನ್‌ಫಿಟ್ ಆದ್ರೆ ಸ್ಪೆಷಲಿಸ್ಟ್ ನೋಡಲಿ ಅಂತ ಮಿಲಿಟರಿ ಆಸ್ಪತ್ರೆಗೆ ಬರೆದು ಕೊಡ್ತಾರೆ, ಅದಕ್ಕೆ ಕೊಡೋ ದಿನ ತುಂಬಾ ಕಮ್ಮಿ, 42 ದಿನ ಇರುತ್ತೆ ಅಂತ ನನ್ನದು ಓದಿ ಮನೇಲಿ ಕೂತ್ಕೋಬೇಡಿ, ಚೀಟಿ ಮೇಲೆ ಏನಿದೆಯೋ ಅದೇ. ನಮ್ಮ ಮಾವನ ಮಗ ಕಿವಿಯಲ್ಲಿ ಗುಗ್ಗೆ ಇದೆ ಅಂತ ಅನ್‌ಫಿಟ್ ಆಗಿ, ಮಾರನೇ ದಿನಾನೇ ಕ್ಲೀನ್ ಮಾಡಿಸ್ಕೊಂಡು ಓಡಿದ್ದಕ್ಕೆ ಉಳ್ಕೊಂಡ.

ಇನ್ನೊಂದು ಬಾಕಿ ಇದೆ. ಮಷೀನ್ ತಂದ ಎರಡನೇ ವಾರ, ನನ್ನ ರೀಡಿಂಗ್ ಮುಗಿದ ಮೇಲೆ ಅವ್ವನ ಕೈಗೆ ಸುಮ್ನೆ ಕಟ್ಟಿ ನೋಡಿದೆ. "ನಂಗೇನ್ ಬ್ಯಾನಿ ಇಲ್ಲ ಬಿಡಪಾ, ಕೆಲಸ ಐತಿ" ಅಂತಿದ್ಲು. 172/104. ಮಷೀನ್ ಕೆಟ್ಟಿದೆ ಅನ್ಕೊಂಡೆ. ಮತ್ತೆ ನೋಡಿದೆ, ಮಾರನೇ ದಿನ ನೋಡಿದೆ, ಸಿಸ್ಟರ್ ಹತ್ರ ಕರ್ಕೊಂಡು ಹೋಗಿ ನೋಡಿಸಿದೆ, ಅಷ್ಟೇ. ಎರಡು ವರ್ಷದಿಂದ ಬೆಳಿಗ್ಗೆ ತಲೆನೋವು ಅಂತ ವಿಕ್ಸ್ ಹಚ್ಕೊಂಡು ಸುಮ್ನಿದ್ಲು. ಮನೇಲಿ ನಿಜವಾದ ಬಿಪಿ ಇದ್ದಿದ್ದು ಅವಳಿಗೆ. ಆರೋಗ್ಯ ಕೇಂದ್ರದಲ್ಲೇ ಆಮ್ಲೋಡಿಪಿನ್ ಗುಳಿಗಿ ಕೊಟ್ರು, ಪುಕ್ಕಟೆ, ದಿನಾ ಒಂದು.

ಮೆರಿಟ್ ಲಿಸ್ಟಲ್ಲಿ ಹೆಸರು ಬಂತು, ಜಾಯಿನಿಂಗ್ ಲೆಟರೂ ಬಂದಿದೆ, ಮುಂದಿನ ವಾರ ಚೆನ್ನೈ. ಮಷೀನ್ ಮನೇಲೇ ಬಿಟ್ಟು ಹೋಗ್ತೀನಿ, ಪಟ್ಟಿ ಹೆಂಗ ಕಟ್ಟೋದು, ಐದು ನಿಮಿಷ ಹೆಂಗ ಕೂರಿಸೋದು ಎಲ್ಲಾ ತಂಗಿಗೆ ಕಲಿಸಿದೀನಿ. ನಿನ್ನೆ ಸಂಜೆ ಅವ್ವಂದು 134/86. ನನ್ನ ನೋಟ್‌ಬುಕ್ಕಲ್ಲೇ, ನನ್ನ ಕೊನೇ ರೀಡಿಂಗ್ ಕೆಳಗೆ ಒಂದು ಗೆರೆ ಎಳೆದು, "ಅವ್ವ" ಅಂತ ಬರೆದು ಶುರು ಮಾಡಿದಾಳೆ.